ಗೃಹಪಾಕವೂ ಕುಟುಂಬದ ಆರೋಗ್ಯವೂ

(ಶ್ರೀಮಠದ ಮಹೋತ್ಸವದ ಮಹಿಳಾಗೋಷ್ಠಿಯಲ್ಲಿ ನಡೆದ ಉಪನ್ಯಾಸ)

 

ಧರ್ಮ, ಸಾಹಿತ್ಯ, ವಿದ್ಯಾಪ್ರಸಾರ ಮೊದಲಾದ ಗಹನವಾದ ವಿಷಯಗಳು ವಿಚಾರಕ್ಕೆ ಬಂದಿರುವ ಈ ವೇದಿಕೆಯಲ್ಲಿ ಅಡಿಗೆಮನೆಯ ಮಾತನ್ನೆತ್ತುವುದು ಕೆಲವರಿಗೆ ಲಘುವಾಗಿ ತೋರಬಹುದು. ಆದರೆ ಉತ್ಸವದ ದಿನ ಪಂಕ್ತಿಗೆ ಕುಳಿತ ಸಾವಿರಾರು ಜನರನ್ನು ಕಣ್ಣಾರೆ ಕಂಡವರಿಗೆ ಹಾಗೆ ತೋರಲಾರದು. ಮಠಗಳಿಗೆ ಅರ್ಧ ಕೀರ್ತಿಯು ವಿದ್ಯಾದಾನದಿಂದ ಬಂದಿದ್ದರೆ ಇನ್ನರ್ಧವು ದಾಸೋಹದಿಂದ ಬಂದಿದೆ. ದಾಸೋಹವೆಂಬ ಮರವು ಮಠದ ಅಂಗಳದಲ್ಲಿ ದೊಡ್ಡದಾಗಿ ಕಾಣುತ್ತದೆ. ಅದರ ಬೇರಾದರೋ ಪ್ರತಿಯೊಂದು ಮನೆಯ ಒಲೆಯ ಬಳಿಯಲ್ಲಿಯೇ ಇದೆ.

ಮನೆಯಲ್ಲಿ ಸುಲಭವಾಗಿ ಮಾಡಬಹುದಾದ ತಿಂಡಿಗಳು ಯಾವುವು? ಕಾಯಿಪಲ್ಲೆಯು ತುಂಬಿದ ಊಟವನ್ನು ದಿನದಿನವೂ ಅಣಿಗೊಳಿಸುವ ಬಗೆ ಹೇಗೆ? ಹಾಗೆ ಅಣಿಯಾದ ಊಟವು ಕಡೆಗೆ ಯಾರ ಯಾರ ಎಡೆಗೆ ತಲುಪುತ್ತದೆ? ಈ ಮೂರು ಪ್ರಶ್ನೆಗಳನ್ನು ಇಲ್ಲಿ ವಿಚಾರಿಸತಕ್ಕುದಾಗಿದೆ. ಮೊದಲಿನ ಎರಡಕ್ಕೆ ಉತ್ತರವನ್ನು ಇಲ್ಲಿ ಕುಳಿತ ತಾಯಂದಿರೆಲ್ಲರೂ ಬಲ್ಲರು. ಮೂರನೆಯದಕ್ಕೆ ಉತ್ತರ ಹೇಳಬೇಕಾದವರು ಮನೆಯವರೆಲ್ಲರು.

ಮೊದಲು ಇಂದಿನ ಸ್ಥಿತಿಯನ್ನು ನೋಡಬೇಕು. 2019–21ರಲ್ಲಿ ನಡೆದ ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ಕರ್ನಾಟಕದಲ್ಲಿ 15ರಿಂದ 49 ವರ್ಷ ವಯಸ್ಸಿನ ಸ್ತ್ರೀಯರಲ್ಲಿ ನೂರಕ್ಕೆ ಸುಮಾರು 48 ಮಂದಿಗೂ, ಐದು ವರ್ಷದೊಳಗಿನ ಮಕ್ಕಳಲ್ಲಿ ನೂರಕ್ಕೆ ಸುಮಾರು 65 ಮಂದಿಗೂ ರಕ್ತಹೀನತೆಯಿತ್ತು. ಇದು ಬರಗಾಲದ ಲೆಕ್ಕವಲ್ಲ; ಕಣಜದಲ್ಲಿ ಕಾಳು, ಸಂತೆಯಲ್ಲಿ ಸೊಪ್ಪು ಇರುವ ಕಾಲದ ಲೆಕ್ಕ. ರಕ್ತಹೀನತೆಗೆ ಕಾರಣಗಳು ಹಲವು. ಜಂತುಹುಳು, ಮುಟ್ಟು ಹೆರಿಗೆಗಳಲ್ಲಿ ಆಗುವ ರಕ್ತನಷ್ಟ, ಬೇರೆ ವ್ಯಾಧಿಗಳು, ಇವೆಲ್ಲವೂ ಉಂಟು. ಅವುಗಳಿಗೆ ವೈದ್ಯರ ಸಲಹೆಯೂ ಮಾತ್ರೆಯೂ ಬೇಕು. ಊಟವೊಂದರಿಂದಲೇ ಎಲ್ಲವೂ ಗುಣವಾಗುವುದೆಂದು ಹೇಳುವುದು ಸರಿಯಲ್ಲ. ಆದರೆ ಆಹಾರದಲ್ಲಿ ಕಬ್ಬಿಣದ ಅಂಶವು ಕಡಿಮೆಯಾಗಿರುವುದು ಪ್ರಬಲವಾದ ಕಾರಣಗಳಲ್ಲೊಂದು ಎಂಬುದರಲ್ಲಿ ಸಂದೇಹವಿಲ್ಲ.

ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆಯು 2024ರಲ್ಲಿ ಪ್ರಕಟಿಸಿದ ಆಹಾರಸೂತ್ರಗಳಲ್ಲಿ, ವಯಸ್ಕರು ದಿನಕ್ಕೆ 400 ಗ್ರಾಂ ಕಾಯಿಪಲ್ಲೆಯನ್ನೂ 100 ಗ್ರಾಂ ಹಣ್ಣನ್ನೂ ತೆಗೆದುಕೊಳ್ಳಬೇಕೆಂದು ಹೇಳಿದೆ; ಆ 400 ಗ್ರಾಮಿನಲ್ಲಿ 100 ಗ್ರಾಂ ಹಸುರು ಸೊಪ್ಪಿರಬೇಕು. ಈ ಮಾತನ್ನು ಅಡಿಗೆಮನೆಯ ಭಾಷೆಗೆ ತಿರುಗಿಸಿದರೆ, ಐದು ಜನ ದೊಡ್ಡವರಿರುವ ಮನೆಗೆ ದಿನಕ್ಕೆ ಎರಡು ಕಿಲೋ ಕಾಯಿಪಲ್ಲೆ, ಅದರಲ್ಲಿ ಅರ್ಧ ಕಿಲೋ ಸೊಪ್ಪು ಎಂದಾಗುತ್ತದೆ. ಎಷ್ಟು ಮನೆಗಳಲ್ಲಿ ಇಷ್ಟು ನಡೆಯುತ್ತದೆ ಎಂಬುದನ್ನು ತಾಯಂದಿರು ತಮ್ಮ ತಮ್ಮ ಬುಟ್ಟಿಯನ್ನು ನೋಡಿಯೇ ಹೇಳಬಲ್ಲರು.

ಇನ್ನು ಮಕ್ಕಳ ಮಾತು. ಶಾಲೆಯಿಂದ ಹಸಿದು ಬಂದ ಮಗುವಿನ ಕೈಗೆ ಇಂದು ಮೊದಲು ದೊರೆಯುವುದು ಅಂಗಡಿಯ ಚೀಟು, ಅಂದರೆ ಬಿಸ್ಕತ್ತು, ಕುರುಕಲು, ಬಣ್ಣದ ಪಾನೀಯ. ಇವುಗಳಲ್ಲಿ ಬಹುತೇಕ ಪದಾರ್ಥಗಳು ಮೈದಾ, ಸಕ್ಕರೆ, ಎಣ್ಣೆ, ಉಪ್ಪು ಇವುಗಳಿಂದಾದವು. ವಿಶ್ವ ಆರೋಗ್ಯ ಸಂಸ್ಥೆಯು ವಯಸ್ಕರಿಗೇ ದಿನಕ್ಕೆ 5 ಗ್ರಾಂ ಉಪ್ಪಿನ ಮಿತಿಯನ್ನು ಹಾಕಿದೆ. ಅದು ಒಂದು ಸಣ್ಣ ಚಮಚೆಯಷ್ಟು. ಚೀಟಿನ ರುಚಿಗೆ ಅಭ್ಯಾಸವಾದ ನಾಲಗೆಗೆ ಮನೆಯ ಪಲ್ಯವು ಸಪ್ಪೆಯೆನಿಸುವುದು ಸಹಜ. ಇದಕ್ಕೆ ತಾಯಿಯನ್ನು ನಿಂದಿಸುವುದು ಅನ್ಯಾಯ. ಹೊಲದ ಕೆಲಸದಿಂದಲೋ ಕಚೇರಿಯಿಂದಲೋ ದಣಿದು ಬಂದವಳಿಗೆ ಹತ್ತು ರೂಪಾಯಿಯ ಚೀಟು ಸುಲಭವಾಗಿ ಕಂಡರೆ ಅದರಲ್ಲಿ ಆಶ್ಚರ್ಯವೇನು? ಆದುದರಿಂದ ಸುಲಭವೆಂದರೇನು ಎಂಬುದನ್ನೇ ಮೊದಲು ತಿಳಿಯಬೇಕು.

ಹಿಂದಿನ ಮನೆವಾರ್ತೆಯಲ್ಲಿ ಸೌಲಭ್ಯವು ಅಂಗಡಿಯಿಂದ ಬರುತ್ತಿರಲಿಲ್ಲ; ಮುಂಚಿತವಾಗಿ ಮಾಡಿಟ್ಟುಕೊಳ್ಳುವ ಕ್ರಮದಿಂದ ಬರುತ್ತಿತ್ತು. ಧಾರವಾಡ, ವಿಜಯಪುರ, ಕಲಬುರ್ಗಿ ಸೀಮೆಯ ಯಾವ ಒಕ್ಕಲುತನದ ಮನೆಗೆ ಹೋದರೂ ಮಾಡದಲ್ಲಿ ಮೂರು ಭರಣಿಗಳು ಇದ್ದೇ ಇರುತ್ತಿದ್ದುವು. ಒಂದರಲ್ಲಿ ಶೇಂಗಾ ಹಿಂಡಿ, ಒಂದರಲ್ಲಿ ಅಗಸಿ ಹಿಂಡಿ, ಮತ್ತೊಂದರಲ್ಲಿ ಗುರೆಳ್ಳಿನ ಹಿಂಡಿ. ಜೊತೆಗೆ ಬಟ್ಟೆಯಲ್ಲಿ ಸುತ್ತಿಟ್ಟ ಖಡಕ್ ರೊಟ್ಟಿ. ಅತಿಥಿಯು ಯಾವ ಹೊತ್ತಿನಲ್ಲಿ ಬಂದರೂ, ಮಗುವು ಯಾವಾಗ ಹಸಿದೆನೆಂದರೂ, ರೊಟ್ಟಿ, ಹಿಂಡಿ, ಮೊಸರು, ಹಸಿ ಉಳ್ಳಾಗಡ್ಡಿ, ಇಷ್ಟರಿಂದ ಒಂದು ಹೊತ್ತಿನ ಊಟವೇ ಸಿದ್ಧವಾಗುತ್ತಿತ್ತು. ಒಲೆ ಹೊತ್ತಿಸುವ ಕೆಲಸವೂ ಇಲ್ಲ.

ಶೇಂಗಾ ಹಿಂಡಿಯನ್ನು ಮಾಡುವ ಕ್ರಮವು ಹೀಗೆ. ಕಾಲು ಕಿಲೋ ಶೇಂಗಾಕಾಳನ್ನು ಸಣ್ಣ ಉರಿಯಲ್ಲಿ ಹುರಿದು, ಆರಿದ ಮೇಲೆ ಸಿಪ್ಪೆಯನ್ನು ಉಜ್ಜಿ ತೂರಿ, ಹತ್ತು ಹನ್ನೆರಡು ಎಸಳು ಬೆಳ್ಳುಳ್ಳಿ, ಒಂದು ಚಮಚೆ ಜೀರಿಗೆ, ಎರಡು ಚಮಚೆ ಬ್ಯಾಡಗಿ ಮೆಣಸಿನಕಾಯಿಯ ಪುಡಿ, ಹದವಾಗಿ ಉಪ್ಪು ಕೂಡಿಸಿ ಕುಟ್ಟಬೇಕು. ಒರಳಿನಲ್ಲಿ ಕುಟ್ಟಿದರೆ ಎಣ್ಣೆಯು ಬಿಟ್ಟು ಹಿಂಡಿಯು ಮುದ್ದೆಗಟ್ಟುತ್ತದೆ. ಯಂತ್ರದಲ್ಲಾದರೆ ತಡೆತಡೆದು ತಿರುಗಿಸಬೇಕು. ಅಗಸಿಯನ್ನು ಚಟಪಟನೆ ಸಿಡಿಯುವವರೆಗೆ ಹುರಿದು, ಒಣಮೆಣಸಿನಕಾಯಿ, ಹುಣಸೆ, ಕರಿಬೇವು, ಬೆಳ್ಳುಳ್ಳಿ, ಉಪ್ಪುಗಳೊಡನೆ ಪುಡಿಮಾಡತಕ್ಕುದು. ಅಗಸಿಯ ಎಣ್ಣೆಯು ಬೇಗನೆ ಕಮಟುವುದರಿಂದ ಹದಿನೈದು ದಿನಗಳಿಗೆ ಸಾಕಾಗುವಷ್ಟನ್ನು ಮಾತ್ರ ಮಾಡಿಕೊಳ್ಳುವುದು ಜಾಣತನ. ಒಂದು ಭಾನುವಾರದ ಒಂದು ಗಂಟೆಯ ಕೆಲಸವು ಮುಂದಿನ ಹತ್ತು ದಿನಗಳ ಅವಸರವನ್ನು ಕಳೆಯುತ್ತದೆ.

ಸಂಜೆಯ ತಿಂಡಿಗೆ ಚುರುಮುರಿಯಷ್ಟು ಉಪಕಾರಿ ಬೇರೆ ಇಲ್ಲ. ಚುರುಮುರಿಯನ್ನು ನೀರಿನಲ್ಲಿ ಒಂದು ಕ್ಷಣ ಅದ್ದಿ ಹಿಂಡಿ ತೆಗೆದು, ಸಾಸಿವೆ, ಉಳ್ಳಾಗಡ್ಡಿ, ಹಸಿಮೆಣಸಿನಕಾಯಿ, ಅರಿಸಿನಗಳ ಒಗ್ಗರಣೆಗೆ ಹಾಕಿ, ಪುಠಾಣಿ ಹಿಟ್ಟನ್ನು ಉದುರಿಸಿದರೆ ಸುಸಲಾ ಆಗುತ್ತದೆ. ಒಣ ಚುರುಮುರಿಗೆ ಉಳ್ಳಾಗಡ್ಡಿ, ಟೊಮೇಟೋ, ಹುಣಸೆರಸಗಳ ಗೊಜ್ಜನ್ನು ಕಲಸಿದರೆ ಗಿರಮಿಟ್ಟು. ಎರಡಕ್ಕೂ ಹದಿನೈದು ನಿಮಿಷ ಸಾಕು. ಚುರುಮುರಿಯಲ್ಲಿ ಹೊಟ್ಟೆ ತುಂಬುವ ಗುಣವಿದ್ದರೂ ಪುಷ್ಟಿ ಕಡಿಮೆ. ಆದುದರಿಂದ ಅದಕ್ಕೆ ತುರಿದ ಗಜ್ಜರಿ, ಹಸಿ ಸೌತೆಕಾಯಿ, ಕೊತ್ತಂಬರಿ ಸೊಪ್ಪು, ಒಂದು ಹಿಡಿ ಮೊಳಕೆಕಾಳು ಕೂಡಿಸಿದರೆ ತಿಂಡಿಯು ಅರ್ಧ ಊಟವಾಗುತ್ತದೆ.

ಮೊಳಕೆಕಾಳಿನ ಮಾತು ಬಂದುದರಿಂದ ಅದರ ಗುಣವನ್ನೂ ಹೇಳಬೇಕು. ಹೆಸರು ಅಥವಾ ಮಡಕಿಕಾಳನ್ನು ಬೆಳಗ್ಗೆ ನೆನೆಹಾಕಿ, ರಾತ್ರಿ ನೀರು ಬಸಿದು, ಒದ್ದೆಬಟ್ಟೆಯಲ್ಲಿ ಕಟ್ಟಿಟ್ಟರೆ ಮರುದಿನಕ್ಕೆ ಮೊಳಕೆಯೊಡೆಯುತ್ತದೆ. ಮೊಳಕೆಯೊಡೆಯುವಾಗ ಕಾಳಿನೊಳಗೆ ಕಬ್ಬಿಣವನ್ನು ಹಿಡಿದಿಟ್ಟುಕೊಂಡ ಫೈಟೇಟ್ ಎಂಬ ವಸ್ತುವು ಕಡಿಮೆಯಾಗಿ, ದೇಹಕ್ಕೆ ಕಬ್ಬಿಣವು ಹೆಚ್ಚು ಒದಗುತ್ತದೆ. ಸಿ ಜೀವಸತ್ವವೂ ಹುಟ್ಟುತ್ತದೆ. ಈ ಕಾಳನ್ನು ಹಬೆಯಲ್ಲಿ ಹದವಾಗಿ ಬೇಯಿಸಿ, ಒಗ್ಗರಣೆ ಕೊಟ್ಟು, ಒಲೆಯಿಂದಿಳಿಸಿದ ಮೇಲೆ ನಿಂಬೆರಸ ಹಿಂಡಿದರೆ ಉಸಳಿ ಸಿದ್ಧ. ನಿಂಬೆಯನ್ನು ಕಡೆಗೆ ಹಿಂಡುವುದು ರುಚಿಗಾಗಿ ಮಾತ್ರವಲ್ಲ. ಸಿ ಜೀವಸತ್ವವು ಬಿಸಿಗೆ ನಾಶವಾಗುವಂಥದು. ಅದು ಉಳಿದಿದ್ದರೆ ಕಾಳು, ಸೊಪ್ಪುಗಳಲ್ಲಿಯ ಕಬ್ಬಿಣವು ಮೈಗೆ ಹತ್ತಲು ಸಹಾಯವಾಗುತ್ತದೆ. ಇದಕ್ಕೆ ವಿರುದ್ಧವಾಗಿ, ಊಟದ ಸಂಗಡಲೇ ಚಹಾ ಕುಡಿದರೆ ಆ ಕಬ್ಬಿಣವು ಮೈಗೆ ಹತ್ತುವುದು ಕಡಿಮೆಯಾಗುತ್ತದೆ. ಊಟಕ್ಕೂ ಚಹಾಕ್ಕೂ ಒಂದು ಗಂಟೆಯ ಅಂತರವಿಡುವುದಕ್ಕೆ ಒಂದು ಕಾಸೂ ಖರ್ಚಿಲ್ಲ.

ಸಿಹಿ ಬೇಡುವ ಮಕ್ಕಳಿಗೆ ಶೇಂಗಾ ಉಂಡೆಯಿದೆ. ಹುರಿದು ಸಿಪ್ಪೆ ತೆಗೆದ ಶೇಂಗಾ ಒಂದು ಅಳತೆ, ಬೆಲ್ಲ ಮುಕ್ಕಾಲು ಅಳತೆ, ಎರಡು ಏಲಕ್ಕಿ, ಇವನ್ನು ಕೂಡಿಸಿ ಕುಟ್ಟಿದರೆ ಕಾಳಿನ ಎಣ್ಣೆಯಿಂದಲೇ ಉಂಡೆ ನಿಲ್ಲುತ್ತದೆ. ಪಾಕ ಹಿಡಿಯುವ ಕಷ್ಟವಿಲ್ಲ, ತುಪ್ಪವೂ ಬೇಡ. ಆದರೂ ಬೆಲ್ಲವು ಸಕ್ಕರೆಯ ಅಣ್ಣನೇ ಎಂಬುದನ್ನು ಮರೆಯದೆ ದಿನಕ್ಕೊಂದು ಉಂಡೆಗೆ ನಿಲ್ಲಿಸಬೇಕು. ಐದು ವರ್ಷದೊಳಗಿನ ಕೂಸುಗಳಿಗೆ ಇಡಿಯ ಶೇಂಗಾಕಾಳನ್ನು ಕೊಡಲೇಬಾರದು. ಗಂಟಲಿಗೆ ಸಿಕ್ಕಿಕೊಳ್ಳುವ ಭಯವುಂಟು. ಚೆನ್ನಾಗಿ ಪುಡಿಮಾಡಿದುದನ್ನೇ ಕೊಡತಕ್ಕುದು.

ಇನ್ನು ಊಟ. ಜೋಳದ ರೊಟ್ಟಿಯು ಈ ಸೀಮೆಯ ಊಟಕ್ಕೆ ಅಡಿಗಲ್ಲು. ಗೋಧಿಯಲ್ಲಿರುವ ಅಂಟು ಜೋಳದಲ್ಲಿಲ್ಲ. ಆದುದರಿಂದ ಕುದಿಯುವ ಎಸರನ್ನು ಹೊಯ್ದು ಹಿಟ್ಟನ್ನು ನಾದುತ್ತಾರೆ. ಬಿಸಿನೀರಿಗೆ ಹಿಟ್ಟಿನ ಪಿಷ್ಟವು ಅರಳಿ ಹಿಡಿತ ಕೊಡುತ್ತದೆ. ಬಡಿಯುವ ಕೈಗೆ ರೊಟ್ಟಿಯು ಬಿರಿಯದೆ ಅಗಲವಾಗುತ್ತದೆ. ಪುಸ್ತಕವಿಲ್ಲದೆ ತಾಯಿಯಿಂದ ಮಗಳಿಗೆ ಬಂದ ಈ ಜ್ಞಾನವನ್ನು ಶಾಸ್ತ್ರವೆನ್ನದೆ ಏನೆನ್ನಬೇಕು? ರೊಟ್ಟಿಯನ್ನು ಬಡಿಯಲು ಬಾರದ ಹೊಸ ಸಂಸಾರಗಳಿಗೆ ತಾಲಿಪಟ್ಟಿಯು ಸುಲಭ. ಎರಡು ಪಾಲು ಜೋಳದ ಹಿಟ್ಟು, ಒಂದು ಪಾಲು ಗೋಧಿಹಿಟ್ಟು, ಅರ್ಧ ಪಾಲು ಕಡಲೆಹಿಟ್ಟು. ಇವಕ್ಕೆ ಹೆಚ್ಚಿದ ಮೆಂತ್ಯದ ಸೊಪ್ಪು, ಉಳ್ಳಾಗಡ್ಡಿ, ತುರಿದ ಗಜ್ಜರಿ ಅಥವಾ ಸೋರೆಕಾಯಿ, ಎಳ್ಳು, ಜೀರಿಗೆಗಳನ್ನು ಕೂಡಿಸಿ ಹಂಚಿನ ಮೇಲೆ ತಟ್ಟಿದರೆ, ಪಲ್ಯವನ್ನು ಒಲ್ಲೆನೆನ್ನುವ ಮಗುವೂ ಪಲ್ಯವನ್ನು ತಿಂದಂತಾಗುತ್ತದೆ.

ರೊಟ್ಟಿಯ ಸಂಗಡ ಎರಡು ಬಗೆಯ ಹಸುರು ಬೇಕು: ಬೆಂದುದು ಒಂದು, ಹಸಿಯದು ಒಂದು. ಬೆಂದುದಕ್ಕೆ ಪುಂಡಿಪಲ್ಯವು ಉತ್ತಮ ನಿದರ್ಶನ. ದೊಡ್ಡದೊಂದು ಸಿವುಡು ಪುಂಡಿಸೊಪ್ಪನ್ನು ಬಿಡಿಸಿ ತೊಳೆದು, ಒಂದು ಹಿಡಿ ತೊಗರಿಬೇಳೆ, ಒಂದು ಹಿಡಿ ಜೋಳದ ನುಚ್ಚು, ನಾಲ್ಕಾರು ಹಸಿಮೆಣಸಿನಕಾಯಿಗಳೊಡನೆ ಬೇಯಿಸಿ, ಮಸೆದು, ಬೆಳ್ಳುಳ್ಳಿಯ ಒಗ್ಗರಣೆ ಕೊಟ್ಟರಾಯಿತು. ಸೊಪ್ಪು, ಬೇಳೆ, ಧಾನ್ಯ ಮೂರೂ ಒಂದೇ ಗಡಿಗೆಯಲ್ಲಿ ಬೆಂದ ಪಲ್ಯವಿದು. ಮೆಂತ್ಯ, ರಾಜಗಿರಿ, ಕಿರಕಸಾಲಿ, ಪಾಲಕ, ಸಬ್ಬಸಿಗೆ, ಇವುಗಳಲ್ಲಿ ಯಾವುದು ದೊರೆತರೂ ಬೇಳೆಯೊಡನೆ ಹೀಗೆಯೇ ಆಗಬಹುದು. ಸೊಪ್ಪನ್ನು ಹೆಚ್ಚಿದ ಮೇಲೆ ತೊಳೆಯುವುದು, ಬೇಯಿಸಿದ ನೀರನ್ನು ಚೆಲ್ಲುವುದು, ಇವೆರಡೂ ಸಾರವನ್ನು ಮೋರಿಗೆ ಹರಿಸಿದಂತೆ. ಹಸಿಯದಕ್ಕೆ ಹಕ್ಕರಕಿ, ಮೂಲಂಗಿ, ಉಳ್ಳಾಗಡ್ಡಿಯ ತಪ್ಪಲು, ಸೌತೆಕಾಯಿಗಳಿವೆ. ತಪ್ಪಲನ್ನು ಉಪ್ಪುನೀರಿನಲ್ಲಿ ಚೆನ್ನಾಗಿ ಜಾಲಿಸಿ, ಮತ್ತೆ ಶುದ್ಧವಾದ ನೀರಿನಲ್ಲಿ ತೊಳೆದು, ಹಿಂಡಿಯನ್ನೂ ಮೊಸರನ್ನೂ ಕಲಸಿದರೆ ಪಚಡಿಯಾಗುತ್ತದೆ.

ಹಸುರಿನ ಈ ಸಮೃದ್ಧಿಯನ್ನು ಒಂದೇ ಎಡೆಯಲ್ಲಿ ಕಾಣಬೇಕಾದರೆ ಎಳ್ಳಮಾವಾಸ್ಯೆಯ ದಿನ ಕಲಬುರ್ಗಿ, ಬೀದರ, ವಿಜಯಪುರಗಳ ಹೊಲಗಳಿಗೆ ಹೋಗಬೇಕು. ಅಂದು ಒಕ್ಕಲಿಗರು ಬಂಡಿ ಕಟ್ಟಿಕೊಂಡು ಹೊಲಕ್ಕೆ ಹೋಗಿ, ಭೂಮಿತಾಯಿಗೆ ಚರಗ ಚೆಲ್ಲಿ, ಬಂದವರೆಲ್ಲರೊಡನೆ ಉಣ್ಣುತ್ತಾರೆ. ಸಜ್ಜೆಯ ರೊಟ್ಟಿ, ಕಡಬು, ಇವುಗಳ ನಡುವೆ ಭಜ್ಜಿಯೆಂಬ ಪಲ್ಯವೇ ಆ ಊಟದ ಅರಸು. ಅವರೆ, ತೊಗರಿ, ಹಸಿಕಡಲೆಗಳ ಎಳೆಕಾಳು, ಬದನೆ, ಗಜ್ಜರಿ, ಮೆಂತ್ಯ, ಪಾಲಕ, ಹೀಗೆ ಆ ಋತುವಿನಲ್ಲಿ ಹೊಲಮನೆಗಳಲ್ಲಿ ಬೆಳೆದುದೆಲ್ಲವನ್ನೂ ಕಡಲೆಹಿಟ್ಟಿನೊಡನೆ ಕೂಡಿಸಿ ಕುದಿಸುತ್ತಾರೆ. ವರ್ಷಕ್ಕೊಮ್ಮೆ ಮಾಡುವ ಭಜ್ಜಿಯನ್ನು ವಾರಕ್ಕೊಮ್ಮೆ ಮಾಡಬಾರದೆಂದು ಯಾವ ಶಾಸ್ತ್ರವೂ ಹೇಳಿಲ್ಲ. ಬುಟ್ಟಿಯ ತಳದಲ್ಲಿ ಉಳಿದ ಎರಡು ಬದನೆ, ಒಂದು ಗಜ್ಜರಿ, ಅರ್ಧ ಸಿವುಡು ಸೊಪ್ಪು, ಇಷ್ಟರಿಂದಲೇ ಸಣ್ಣದೊಂದು ಭಜ್ಜಿ ಆಗುತ್ತದೆ. ಕಾಯಿಪಲ್ಲೆಯು ಕೊಳೆತು ತಿಪ್ಪೆಗೆ ಹೋಗುವುದೂ ತಪ್ಪುತ್ತದೆ.

ಇಲ್ಲಿ ಒಂದು ಆಕ್ಷೇಪವು ಬರಬಹುದು. ಹಳೆಯದೆಲ್ಲವೂ ಒಳ್ಳೆಯದೆಂದು ಹೊಗಳುವುದು ಎಷ್ಟರಮಟ್ಟಿಗೆ ಸರಿ? ಅಡಿಗೆಯ ಇತಿಹಾಸವನ್ನು ನೋಡಿದರೆ ಅಂತಹ ಅಭಿಮಾನಕ್ಕೆ ಎಡೆಯಿಲ್ಲ. ಕಲ್ಯಾಣದ ಚಾಲುಕ್ಯ ಅರಸನಾದ ಮೂರನೆಯ ಸೋಮೇಶ್ವರನು 12ನೆಯ ಶತಮಾನದಲ್ಲಿ ರಚಿಸಿದ ಮಾನಸೋಲ್ಲಾಸದಲ್ಲಿ ಅನ್ನಭೋಗವೆಂಬ ಪ್ರಕರಣವೇ ಇದೆ. ಮೂರನೆಯ ಮಂಗರಸನು 16ನೆಯ ಶತಮಾನದ ಆರಂಭದಲ್ಲಿ ಕನ್ನಡದಲ್ಲಿಯೇ ಸೂಪಶಾಸ್ತ್ರವನ್ನು ಬರೆದು, ಬದನೆಯ ಪಾಕಗಳನ್ನು ವಿಸ್ತಾರವಾಗಿ ವರ್ಣಿಸಿದ್ದಾನೆ. ಸೋಮೇಶ್ವರನ ಕಾಲದ ಅಡಿಗೆಯಲ್ಲಿ ಮೆಣಸಿನಕಾಯಿಯಿಲ್ಲ, ಶೇಂಗಾ ಇಲ್ಲ, ಟೊಮೇಟೋ ಇಲ್ಲ, ಬಟಾಟೆಯಿಲ್ಲ. ಇವೆಲ್ಲವೂ ಪೋರ್ಚುಗೀಸರು ಬಂದ ಮೇಲೆ ಅಮೇರಿಕಾ ಖಂಡದಿಂದ ಬಂದುವು. ಜೋಳವೂ ಅತಿ ಪ್ರಾಚೀನ ಕಾಲದಲ್ಲಿ ಆಫ್ರಿಕಾದಿಂದ ಬಂದುದೇ. ಹೊರಗಿನಿಂದ ಬಂದ ಮೆಣಸಿನಕಾಯಿಗೆ ಬ್ಯಾಡಗಿಯ ಹೆಸರು ಕೊಟ್ಟು ಮನೆಮಗಳನ್ನಾಗಿ ಮಾಡಿಕೊಂಡ ನಾಡಿದು. ಆದುದರಿಂದ ಪ್ರಶ್ನೆಯು ಹಳೆಯದೋ ಹೊಸದೋ ಎಂಬುದಲ್ಲ. ಮೈಗೆ ಹಿತವೋ ಅಹಿತವೋ ಎಂಬುದು. ಕುಕ್ಕರು, ಮಿಕ್ಸರು, ಶೀತಪೆಟ್ಟಿಗೆಗಳನ್ನು ಬಳಸಿ ಪುಂಡಿಪಲ್ಯ ಮಾಡಿದರೆ ಅದಕ್ಕೆ ಮೈಲಿಗೆಯೇನೂ ಆಗುವುದಿಲ್ಲ. ಊಟ ಬಲ್ಲವನಿಗೆ ರೋಗವಿಲ್ಲವೆಂಬ ಗಾದೆಯು ಉಣ್ಣುವ ವಿವೇಕವನ್ನು ಹೇಳುತ್ತದೆಯೇ ಹೊರತು ಪಾತ್ರೆಯ ವಯಸ್ಸನ್ನು ಕೇಳುವುದಿಲ್ಲ.

ಈಗ ಮೂರನೆಯ ಪ್ರಶ್ನೆಗೆ ಬರಬೇಕು. ಒಂದು ಸಾಮಾನ್ಯವಾದ ಮನೆಯನ್ನು ನೆನೆಯಿರಿ. ಮೊದಲು ಮಕ್ಕಳ ಎಡೆ, ಆಮೇಲೆ ಗಂಡಸರ ಎಡೆ, ಆಮೇಲೆ ಹಿರಿಯರ ಎಡೆ. ಗಡಿಗೆಯಲ್ಲಿಯ ಪಲ್ಯವು ಹೀಗೆ ಕರಗುತ್ತ ಬಂದು, ಒಲೆಯ ಮುಂದಿನಿಂದ ಎದ್ದ ತಾಯಿಯು ಉಣ್ಣಲು ಕುಳಿತಾಗ ತಳದಲ್ಲಿ ಉಳಿದಿರುವುದು ಎರಡು ಚಮಚೆ. ಆಕೆಯು ಅದನ್ನೂ ಮಗನ ರಾತ್ರಿಯ ಊಟಕ್ಕೆಂದು ಎತ್ತಿಟ್ಟು, ತಾನು ಖಾರದ ಹಿಂಡಿಯಲ್ಲಿಯೋ ಮಜ್ಜಿಗೆಯಲ್ಲಿಯೋ ರೊಟ್ಟಿಯನ್ನು ಮುಗಿಸುತ್ತಾಳೆ. ಯಾರೂ ಆಕೆಗೆ ಹಾಗೆ ಮಾಡೆಂದು ಹೇಳಿದವರಿಲ್ಲ; ಬೇಡವೆಂದು ಹೇಳಿದವರೂ ಇಲ್ಲ. ಸಾವಿರ ಮನೆಗಳಲ್ಲಿ ಹೀಗೆ ದಿನವೂ ನಡೆಯುತ್ತಿರುವಾಗ ನೂರಕ್ಕೆ 48ರ ಲೆಕ್ಕವು ಎಲ್ಲಿಂದ ಬಂದಿತೆಂದು ದೂರ ಹುಡುಕಬೇಕಾಗಿಲ್ಲ. ರಕ್ತವಿಲ್ಲದ ತಾಯಿಯ ಬಸಿರಿನಲ್ಲಿ ರಕ್ತ ತುಂಬಿದ ಕೂಸು ಹೇಗೆ ಹುಟ್ಟೀತು?

12ನೆಯ ಶತಮಾನದ ಕಲ್ಯಾಣದಲ್ಲಿ ಆಯ್ದಕ್ಕಿ ಮಾರಯ್ಯ, ಲಕ್ಕಮ್ಮ ಎಂಬ ಶರಣ ದಂಪತಿಗಳಿದ್ದರು. ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು ದಾಸೋಹ ನಡೆಸುವುದು ಮಾರಯ್ಯನ ಕಾಯಕ. ಒಂದು ದಿನ ಆತನು ನಿತ್ಯಕ್ಕಿಂತ ಹೆಚ್ಚು ಅಕ್ಕಿಯನ್ನು ತಂದಾಗ, ಬೇಕಾದುದಕ್ಕಿಂತ ಮಿಗಿಲಾದುದನ್ನು ಅಲ್ಲಿಯೇ ಸುರಿದು ಬರುವಂತೆ ಲಕ್ಕಮ್ಮನು ಹಿಂದಕ್ಕೆ ಕಳುಹಿದಳೆಂದು ಕಥೆ ಹೇಳುತ್ತದೆ. ಈ ಕಥೆಯನ್ನು ಆಸೆಯ ನಿಗ್ರಹಕ್ಕಾಗಿ ಹೇಳುವುದು ವಾಡಿಕೆ. ಅಡಿಗೆಮನೆಗೂ ಅದರಲ್ಲಿ ಒಂದು ಪಾಠವುಂಟು. ಒಲೆಯ ಮುಂದೆ ಕುಳಿತವಳ ಕೈಯಲ್ಲಿ ಅಳತೆಯಿತ್ತು. ಆ ಅಳತೆಗೆ ಮನೆಯ ಯಜಮಾನನು ತಲೆಬಾಗಿದನು. ಹೆಚ್ಚಾದುದು ತಪ್ಪೆಂದು ಹೇಳುವ ಆ ಅಳತೆಗೆ ಕಡಿಮೆಯಾದುದೂ ತಪ್ಪೇ. ಮನೆಯಲ್ಲಿ ಆರು ಜನರಿದ್ದರೆ ಆರು ಎಡೆಯ ಪಲ್ಯವು ಬೇಯಬೇಕು; ಆರನೆಯ ಎಡೆಯು ಅಡಿಗೆ ಮಾಡಿದವಳದು.

ಅಳತೆ ಹೆಚ್ಚಾದರೆ ಕೆಲಸವೂ ಹೆಚ್ಚಾಗುವುದಲ್ಲವೇ ಎಂದು ಕೇಳಬಹುದು. ಹೌದು. ಎರಡು ಕಿಲೋ ಕಾಯಿಪಲ್ಲೆಯನ್ನು ಸೋಸಿ, ತೊಳೆದು, ಹೆಚ್ಚುವುದು ಒಬ್ಬಳ ಕೈಗೆ ಭಾರವೇ ಸರಿ. ಇದಕ್ಕೆ ಉತ್ತರವನ್ನು ಮಠಗಳೇ ತೋರಿಸಿಕೊಟ್ಟಿವೆ. ತುಮಕೂರಿನ ಸಿದ್ಧಗಂಗಾ ಮಠದಲ್ಲಿ ಸಾವಿರಾರು ವಿದ್ಯಾರ್ಥಿಗಳಿಗೆ ನಿತ್ಯವೂ ಅನ್ನದಾಸೋಹ ನಡೆಯುತ್ತದೆ. ಕೊಪ್ಪಳದ ಗವಿಸಿದ್ಧೇಶ್ವರ ಜಾತ್ರೆಗೆ ಸುತ್ತಲಿನ ಹಳ್ಳಿಗಳ ತಾಯಂದಿರು ಬಡಿದ ರೊಟ್ಟಿಗಳು ಬಂಡಿಗಟ್ಟಲೆ ಬಂದು ಬೀಳುತ್ತವೆ. ಅಂತಹ ದಾಸೋಹಗಳಲ್ಲಿ ಕೊಪ್ಪರಿಗೆಯ ಮುಂದೆ ನಿಂತು ಸಾರು ತಿರುಗಿಸುವವರು, ರಾಶಿ ರಾಶಿ ಬದನೆ ಹೆಚ್ಚುವವರು, ಬುಟ್ಟಿ ಹೊತ್ತು ಬಡಿಸುವವರು, ಎಲೆ ತೆಗೆದು ನೆಲ ಸಾರಿಸುವವರು, ಇವರಲ್ಲಿ ಗಂಡಸರೇ ಬಹಳ. ಮಠದಲ್ಲಿ ಪುಣ್ಯವಾದ ಕೆಲಸವು ಮನೆಯಲ್ಲಿ ನಾಚಿಕೆಯಾಗುವುದು ಹೇಗೆ? ಅಲ್ಲಿ ಹತ್ತು ಸಾವಿರ ಜನರಿಗೆ ಬದನೆ ಹೆಚ್ಚಿದ ಕೈ ಮನೆಯಲ್ಲಿ ನಾಲ್ಕು ಬದನೆ ಹೆಚ್ಚಿದರೆ ಸವೆದುಹೋಗುವುದೇ?

ಆದುದರಿಂದ ಮಹಾಶಯರಿಗೆ ಹೇಳುವ ಮಾತಿಷ್ಟೆ. ಸಂತೆಯಿಂದ ಸೊಪ್ಪು ತರುವುದು, ಸಂಜೆ ಕುಳಿತು ಅದನ್ನು ಸೋಸುವುದು, ಭಾನುವಾರ ಶೇಂಗಾ ಹುರಿದು ಹಿಂಡಿ ಕುಟ್ಟುವುದು, ಕಾಳು ನೆನೆಹಾಕುವುದು, ಇವು ಯಾರು ಮಾಡಿದರೂ ಆಗುವ ಕೆಲಸಗಳು. ಎಂಟು ವರ್ಷದ ಮಗುವು ಅವರೆಕಾಯಿ ಸುಲಿಯಬಲ್ಲದು, ಚುರುಮುರಿ ಕಲಸಬಲ್ಲದು. ತಾನು ಸುಲಿದ ಕಾಳನ್ನು ಅದು ಒಲ್ಲೆನೆನ್ನುವುದೂ ಅಪರೂಪ. ಗಂಡು ಮಗು, ಹೆಣ್ಣು ಮಗು ಎಂಬ ಭೇದವಿಲ್ಲದೆ ಇದನ್ನು ಕಲಿಸಿದರೆ, ಮುಂದೆ ಊರು ಬಿಟ್ಟು ಓದಲು, ದುಡಿಯಲು ಹೋದಾಗ ಆ ಮಕ್ಕಳು ಚೀಟಿನ ತಿಂಡಿಗೆ ಶರಣಾಗುವುದಿಲ್ಲ.

ತಾಯಂದಿರಿಗೂ ಒಂದು ಮಾತು. ತಮ್ಮ ಎಡೆಯನ್ನು ಬರಿದು ಮಾಡಿಕೊಳ್ಳುವುದು ತ್ಯಾಗವೆಂಬ ಭಾವನೆಯು ಮನಸ್ಸಿನಲ್ಲಿ ಬೇರೂರಿದೆ. ಆ ತ್ಯಾಗದ ಸಾಲವನ್ನು ತೀರಿಸುವವರು ಮಕ್ಕಳು. ಬಸುರಿಯಾದವಳು, ಬಾಣಂತಿಯಾದವಳು, ಬೆಳೆಯುವ ಹುಡುಗಿ, ಇವರ ಎಡೆಗೆ ಪಲ್ಯವು ಮೊದಲು ಬೀಳಬೇಕು. ಇಷ್ಟು ದಿನ ನಡೆದುಬಂದ ಸರತಿಯನ್ನು ಬದಲಿಸಲು ಧೈರ್ಯ ಸಾಲದಿದ್ದರೆ, ಎಲ್ಲರೂ ಒಂದೇ ಪಂಕ್ತಿಯಲ್ಲಿ ಕುಳಿತು ಉಣ್ಣುವ ಪದ್ಧತಿಯನ್ನಾದರೂ ಹಿಡಿಯಬಹುದು. ಪಂಕ್ತಿಯಲ್ಲಿ ಕುಳಿತವರಿಗೆ ಪಕ್ಕದ ಎಡೆಯು ಕಾಣುತ್ತದೆ. ಕಂಡವರು ಒಬ್ಬರ ಎಡೆ ಬರಿದಾಗಿರುವಾಗ ತಮ್ಮದನ್ನು ತುಂಬಿಸಿಕೊಳ್ಳಲಾರರು. ಮಠದ ಪಂಕ್ತಿಯು ಕಲಿಸುವುದೂ ಇದನ್ನೇ.

ಉತ್ಸವವು ಮುಗಿದು, ಚಪ್ಪರವನ್ನು ಬಿಚ್ಚಿದ ಮೇಲೆ ಎಲ್ಲರೂ ತಮ್ಮ ತಮ್ಮ ಮನೆಗಳಿಗೆ ಹಿಂದಿರುಗುವರು. ಅಂದಿನ ರಾತ್ರಿಯ ಊಟದಲ್ಲಿ ಗಡಿಗೆಯ ಮುಚ್ಚಳವನ್ನು ಒಮ್ಮೆ ತೆಗೆದು, ಕಡೆಯ ಎಡೆಗೆ ಪಲ್ಯವು ಉಳಿದಿದೆಯೇ ಎಂದು ಮನೆಯವರು ನೋಡಲಿ. ಉಳಿದಿದ್ದರೆ ಆ ಮನೆಯ ಒಲೆಯು ದಾಸೋಹದ ಒಲೆಯಾಯಿತು. ಉಳಿದಿರದಿದ್ದರೆ, ಮರುದಿನ ಬೆಳಗ್ಗೆ ಇನ್ನೊಂದು ಸಿವುಡು ಸೊಪ್ಪನ್ನು ತರಲು ಯಾರು ಹೋಗಬೇಕೆಂಬುದನ್ನು ಆ ರಾತ್ರಿಯೇ ನಿಶ್ಚಯಿಸಿಕೊಳ್ಳಲಿ.